ಕಾರ್ಖಾನೆಯ ಗೋಡೆಯಾಚೆ ಬೀಳುವವರು

ದುಡಿಯುವ ಜಾಗದಲ್ಲಿ ಮನುಷ್ಯ ಎತ್ತರದಿಂದ ಬೀಳದಂತೆ ನೋಡಿಕೊಳ್ಳುವ ಹೊಣೆ ಯಾರದು? ಚಿಕ್ಕೋಡಿ ಸೀಮೆಯಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಬಹುಕಾಲ ಊರಿನಿಂದ ಊರಿಗೆ ಬದಲಾಗುತ್ತಿತ್ತು. ಚಿಕ್ಕೋಡಿ, ನಿಪ್ಪಾಣಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. 1923ರ ಕಾರ್ಮಿಕರ ಪರಿಹಾರ ಕಾಯ್ದೆ, 1934ರ ಕಾರ್ಖಾನೆ ಕಾಯ್ದೆ ಎರಡೂ ಬ್ರಿಟಿಷ್ ಇಂಡಿಯಾಕ್ಕೆ ಮಾಡಿದವು. ಸಂಸ್ಥಾನದ ಗಡಿಯೊಳಗೆ ಅವು ತಾವಾಗಿಯೇ ಬರುತ್ತಿರಲಿಲ್ಲ. 1949ರ ಮಾರ್ಚ್ 1ರಂದು ಕೊಲ್ಹಾಪುರ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 1ರಂದು, 1948ರ ಕಾರ್ಖಾನೆ ಕಾಯ್ದೆ ಜಾರಿಗೆ ಬಂತು. ಸಂಸ್ಥಾನದ ಗೆರೆ ಅಳಿಯಿತು. ಆದರೆ ಅದರ ಜಾಗದಲ್ಲಿ ಇನ್ನೊಂದು ಗೆರೆ ಉಳಿಯಿತು: ಕಾರ್ಖಾನೆಯ ಕಂಪೌಂಡು. ಬೀಳುವ ಅಪಾಯವನ್ನು ಎತ್ತರದಿಂದ ಅಳೆಯದೆ ಜಾಗದಿಂದ ಅಳೆದದ್ದೇ ಈ ಸೀಮೆಯ ದುಡಿಮೆಗಾರರಿಗೆ ಆದ ದೊಡ್ಡ ಅನ್ಯಾಯ ಎಂಬುದು ನನ್ನ ವಾದ.

ಕಂಪೌಂಡಿನ ಒಳಗೆ ಆ ಕಾಯ್ದೆ ನಿಜಕ್ಕೂ ದೊಡ್ಡ ಕೆಲಸ ಮಾಡಿತು. ಇಂದು ಕಾಗವಾಡ ತಾಲ್ಲೂಕಿನಲ್ಲಿರುವ ಉಗಾರ ಖುರ್ದದ ಸಕ್ಕರೆ ಕಂಪನಿ ಹುಟ್ಟಿದ್ದು 1939ರಲ್ಲಿ. ಮುಂದೆ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಸಹಕಾರಿ ಕಾರ್ಖಾನೆಗಳು ಬಂದವು. ಸಕ್ಕರೆ ಕಾರ್ಖಾನೆಯೆಂದರೆ ಮಹಡಿ ಮೇಲೆ ಮಹಡಿ: ಕಬ್ಬು ಸುರಿಯುವ ಆಳದ ಗುಂಡಿ, ಬಾಯ್ಲರಿನ ನೆತ್ತಿ, ರಸ ಕುದಿಸುವ ಪಾತ್ರೆಗಳ ಅಟ್ಟ, ಚಿಮಣಿ. ಕಾಯ್ದೆಯ 32ನೆಯ ಕಲಮು ಮೆಟ್ಟಿಲು, ಓಡಾಟದ ಹಾದಿ, ಎತ್ತರದ ಕೆಲಸ ಇವುಗಳ ಸುರಕ್ಷತೆಯನ್ನು ಮಾಲೀಕನ ಹೊಣೆಗೆ ಕಟ್ಟಿತು. 33ನೆಯದು ಗುಂಡಿ, ತೊಟ್ಟಿ, ನೆಲದಲ್ಲಿನ ಕಿಂಡಿಗಳನ್ನು ಮುಚ್ಚಬೇಕು ಇಲ್ಲವೇ ಬೇಲಿ ಹಾಕಬೇಕು ಎಂದಿತು. 1923ರ ಕಾಯ್ದೆ ಬಿದ್ದ ಮೇಲೆ ಹಣ ಕೊಡಿಸುತ್ತಿತ್ತು. ಇದು ಬೀಳುವ ಮೊದಲೇ ಮಾತಾಡಿತು. ಹಾಗಿದ್ದೂ ಒಳಗೊಂದು ಸಂದು ಉಳಿದಿದೆ. ನುರಿಸುವ ಹಂಗಾಮು ಮುಗಿದು ದುರಸ್ತಿ ಸುರುವಾದಾಗ ಕಟಾಂಜನಗಳನ್ನು ಬಿಚ್ಚುತ್ತಾರೆ, ಮುಚ್ಚಳಗಳನ್ನು ತೆಗೆಯುತ್ತಾರೆ. ಆಗ ಹತ್ತಿ ಇಳಿಯುವವರಲ್ಲಿ ಗುತ್ತಿಗೆಯ ಬಣ್ಣಗಾರರು, ವೆಲ್ಡರುಗಳು ಹೆಚ್ಚು. ಅವರಿಗೆ ಆ ಕಟ್ಟಡದ ಮೂಲೆಮುಡುಕು ಗೊತ್ತಿರುವುದಿಲ್ಲ. ಅಪಾಯ ಗುರುತಿಸುವವರು ನಡೆಯುವ ಕಾರ್ಖಾನೆಯನ್ನಷ್ಟೇ ಅಲ್ಲ, ನಿಂತ ಕಾರ್ಖಾನೆಯನ್ನೂ ಸುತ್ತಿ ನೋಡಬೇಕು.

ಕಂಪೌಂಡಿನ ಹೊರಗಿನ ಲೆಕ್ಕ ಬೇರೆ. ಅದೇ ಕಾರ್ಖಾನೆಗೆ ಹೋಗುವ ಕಬ್ಬನ್ನು ಹೊಲದಲ್ಲಿ ಟ್ರೇಲರಿಗೆ ತುಂಬುವವರು ಕಬ್ಬು ಕಡಿಯುವ ಗ್ಯಾಂಗಿನವರು. ತಲೆಯ ಮೇಲೆ ಹೊರೆ ಹೊತ್ತು, ಓರೆಯಾಗಿ ಆನಿಸಿದ ಕಿರುಹಲಗೆಯ ಮೇಲೆ ಹತ್ತುತ್ತಾರೆ. ಕಾಲಡಿ ರವದಿ, ನಸುಕಿನಲ್ಲಿ ಇಬ್ಬನಿ, ಕೂಲಿ ಟನ್ನಿನ ಲೆಕ್ಕದಲ್ಲಿ. ಹೊರೆ ಹೊತ್ತ ಕೈ ಏನನ್ನೂ ಹಿಡಿಯಲಾರದು. ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿ ಹಮಾಲರು ಚೀಲದ ನಿಟ್ಟು ಏರುವುದೂ ಹೀಗೆಯೇ. ಕೆಳಗಿನ ಚೀಲವೊಂದು ಸರಿದರೆ ನಿಟ್ಟೆಲ್ಲ ಕುಸಿಯುತ್ತದೆ. ಇನ್ನು ಬಾವಿ. ಮೇಲೆ ಎರಿ ಮಣ್ಣು, ಕೆಳಗೆ ಕರಿಗಲ್ಲು ಇರುವ ಈ ನೆಲದಲ್ಲಿ ಬಾವಿ ತೋಡುವವರಿಗೆ ಎರಡು ಕಡೆಯ ಭಯ: ದಡ ಜಾರಿ ತಾವು ಬೀಳುವುದು, ಮೇಲಿನ ಕಲ್ಲು ತಮ್ಮ ಮೇಲೆ ಬೀಳುವುದು. 33ನೆಯ ಕಲಮಿಗೆ ಕಾರ್ಖಾನೆಯ ಗುಂಡಿ ಕಂಡಿತು, ಹೊಲದ ಬಾವಿ ಕಾಣಲಿಲ್ಲ.

ಕಾಯ್ದೆ ಕಂಪೌಂಡು ದಾಟಿಯೇ ಇಲ್ಲವೆ ಎಂದು ಕೇಳಬಹುದು. ದಾಟಿದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಸಾರವೆಗೂ ಏಣಿಗೂ ನಿಯಮ ತಂದಿತು. ಆದರೆ ಹತ್ತು ಜನರಿಗಿಂತ ಕಡಿಮೆ ದುಡಿಯುವ ಕಡೆಯನ್ನೂ 10 ಲಕ್ಷ ರೂಪಾಯಿಯೊಳಗಿನ ಸ್ವಂತ ಮನೆಯ ಕೆಲಸವನ್ನೂ ಹೊರಗಿಟ್ಟಿತು. ಹಳ್ಳಿಯ ಗವಂಡಿ ಬಹುಪಾಲು ಏರುವುದು ಅಂಥ ಗೋಡೆಯನ್ನೇ. ಇದಕ್ಕಿಂತ ಗಟ್ಟಿಯಾಗಿ ಕೇಳಿಬರುವ ಆಕ್ಷೇಪ ಇನ್ನೊಂದಿದೆ: ಬೀಳುವುದು ಬಿದ್ದವನ ಅಜಾಗರೂಕತೆಯಿಂದ, ಹಿಂದಿನವರು ಹಗ್ಗವೊಂದನ್ನೇ ನಂಬಿ ಬಾವಿಗಿಳಿಯುತ್ತಿರಲಿಲ್ಲವೆ ಎಂದು. ಅವರ ಕಸುಬುಗಾರಿಕೆ ದೊಡ್ಡದು, ಒಪ್ಪುತ್ತೇನೆ. ಆದರೆ ಬಾವಿಯಲ್ಲಿ ಸತ್ತವರ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಬದುಕಿದವರನ್ನಷ್ಟೇ ನೋಡಿ ಸಾಕ್ಷಿ ಹೇಳಿಸುವುದು ಸರಿಯಲ್ಲ. ಅವಸರ ಕೂಡ ಕೂಲಿಕಾರನ ಸ್ವಭಾವವಲ್ಲ, ಟನ್ನಿನ ದರ ಕಲಿಸಿದ್ದು. ಖರ್ಚಿನ ಮಾತಂತೂ ನಿಲ್ಲುವುದಿಲ್ಲ. ಹಲಗೆಗೆ ಅಡ್ಡಪಟ್ಟಿ ಹೊಡೆದು ಟ್ರೇಲರಿಗೆ ಕೊಕ್ಕೆ ಹಾಕುವುದು, ನಿಟ್ಟನ್ನು ಮೆಟ್ಟಿಲು ಮೆಟ್ಟಿಲಾಗಿ ಒಟ್ಟುವುದು, ನಾಲ್ಕಡಿ ಎತ್ತರಕ್ಕೆ ಒಂದಡಿ ದೂರ ಬುಡವಿಟ್ಟು ಏಣಿ ನಿಲ್ಲಿಸುವುದು, ಬಾವಿಗೆ ಸೊಂಟದೆತ್ತರ ಕಟ್ಟೆ ಕಟ್ಟುವುದು, ಇವು ಯಾರನ್ನೂ ದಿವಾಳಿ ಮಾಡವು. ಹತ್ತುವ ಅಗತ್ಯವನ್ನೇ ತಪ್ಪಿಸುವುದು ಮೊದಲು, ತಡೆಗೋಡೆ ಆಮೇಲೆ, ಸೊಂಟದ ಬೆಲ್ಟು ಕೊನೆಗೆ.

ಹೊಲದ ಗುಂಡಿಗೂ ಕಾಯ್ದೆ ತಲುಪಬಲ್ಲದು ಎಂಬುದಕ್ಕೆ ಪುರಾವೆ ಇದೆ. 2010ರಲ್ಲಿ ಸುಪ್ರೀಂ ಕೋರ್ಟು ಕೊಳವೆಬಾವಿಗಳ ಸುತ್ತ ಬೇಲಿ, ಬಾಯಿಗೆ ಮುಚ್ಚಳ ಕಡ್ಡಾಯ ಮಾಡಿತು. 33ನೆಯ ಕಲಮಿನ ತತ್ವ ಹೊಲಕ್ಕೆ ಬರಲು ಅರವತ್ತು ವರ್ಷ ಹಿಡಿಯಿತು. ಆದೇಶ ಬಂದ ಏಳು ವರ್ಷಕ್ಕೆ, 2017ರ ಏಪ್ರಿಲಿನಲ್ಲಿ, ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ತೆರೆದ ಕೊಳವೆಬಾವಿಗೆ ಬಿದ್ದು ಪುಟ್ಟ ಹುಡುಗಿಯೊಬ್ಬಳು ತೀರಿಕೊಂಡಳು. ಮುಚ್ಚಳ ಹಾಕಿದೆಯೇ ಎಂದು ಹೋಗಿ ನೋಡುವವರಿಲ್ಲದೆ ಆದೇಶವೊಂದೇ ಸಾಲದು. ಕಬ್ಬು ಕಡಿಯುವ, ಸಾಗಿಸುವ ಕರಾರುಗಳನ್ನು ಕಾರ್ಖಾನೆಗಳೇ ಮಾಡಿಕೊಳ್ಳುತ್ತವೆ, ಗ್ಯಾಂಗಿನ ಮುಖ್ಯಸ್ಥರಾದ ಮುಕಾದಮರಿಗೆ ಹೋಗುವ ಮುಂಗಡದ ಬೇರೂ ಅಲ್ಲಿಯೇ ಇದೆ. ಆದ್ದರಿಂದ ಅವುಗಳ ಸುರಕ್ಷತೆಯ ಹೊಣೆ ಗೇಟಿನಲ್ಲಲ್ಲ, ಹೊಲದಲ್ಲಿ ಆನಿಸಿದ ಆ ಹಲಗೆಯ ಬುಡದಲ್ಲಿ ಸುರುವಾಗಬೇಕು. ಮುಂದಿನ ಹಂಗಾಮಿನ ಕರಾರು ಬರೆಯುವಾಗಲೇ ಕಾರ್ಖಾನೆಗಳ ಆಡಳಿತ ಮಂಡಳಿಗಳು ಇದನ್ನೊಂದು ಷರತ್ತಾಗಿ ಸೇರಿಸಲಿ. ಕಬ್ಬು ಕೊಡುವ ರೈತ ಸದಸ್ಯರು ವಾರ್ಷಿಕ ಸಭೆಯಲ್ಲಿ ದರದ ಜೊತೆಗೆ ಇದನ್ನೂ ಕೇಳಲಿ.