ಗಾರೆ ಹೋಯಿತು, ‘ಗಾರೆ ಕೆಲಸ’ ಉಳಿಯಿತು

ಸಿಮೆಂಟ್ ಕೆಲಸ ಮಾಡುವವರನ್ನು ನಾವು ಇವತ್ತಿಗೂ ಗಾರೆಯವರು ಅಂತಲೇ ಕರೆಯುತ್ತೇವೆ. ಆದರೆ ಗಾರೆ ಅಂದರೆ ಸಿಮೆಂಟ್ ಅಲ್ಲ. ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ಮರಳು ಸೇರಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದದ್ದು ಗಾರೆ. ಕೆಲವೆಡೆ ಇಟ್ಟಿಗೆ ಪುಡಿ, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರೂ ಸೇರುತ್ತಿತ್ತು. ಕರಾವಳಿಯಲ್ಲಿ ಕಲ್ಲಿನ ಬದಲು ಚಿಪ್ಪು ಸುಡುತ್ತಿದ್ದರು.

ಗಾರೆ ಎಲ್ಲರ ಕೈಗೆ ಎಟಕುತ್ತಿರಲಿಲ್ಲ. ಅದು ದೇವಸ್ಥಾನ, ಕೋಟೆ, ಉಳ್ಳವರ ಮನೆಗೆ. ಉಳಿದವರದು ಮಣ್ಣಿನ ಗೋಡೆ. ಹೊರಮೈಗೆ ಮಣ್ಣು, ಸಗಣಿ, ಹೊಟ್ಟು ಕಲಸಿ ಮೆತ್ತುತ್ತಿದ್ದರು. ಮಳೆ ಕೊಚ್ಚಿದ ಕಡೆ ಮತ್ತೆ ಮೆತ್ತಿ, ಹಬ್ಬಕ್ಕೆ ಸುಣ್ಣ ಬಳಿಯುತ್ತಿದ್ದರು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮೊದಲೇ, ಇರಚಲು ಹೊಡೆಯುವ ಕಡೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಈಗ ಆ ಜಾಗಕ್ಕೆ ನೀಲಿ ಟಾರ್ಪಾಲು ಬಂದಿದೆ. ಹಳೇ ಮನೆ ಬಹಳ ಗಟ್ಟಿ ಅನ್ನುತ್ತೇವಲ್ಲ, ಆ ಗಟ್ಟಿತನದಲ್ಲಿ ಅರ್ಧ ಈ ವರ್ಷವರ್ಷದ ದುಡಿಮೆ. ಮೆತ್ತಿ ಸಾರಿಸಿದವರು ಹೆಚ್ಚಾಗಿ ಹೆಂಗಸರು. ಅದನ್ನು ಯಾರೂ ಕೂಲಿ ಲೆಕ್ಕಕ್ಕೆ ಬರೆದಿಡಲಿಲ್ಲ.

ಇಂಗ್ಲೆಂಡಿನ ಲೀಡ್ಸ್‌ನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ನಮ್ಮ ಕಲಬುರಗಿಯ ಶಹಾಬಾದಿನಲ್ಲಿ 1936ಕ್ಕೂ ಮೊದಲೇ ಸಿಮೆಂಟ್ ಕಂಪನಿ ಇತ್ತು. ಆದರೂ ಚೀಲ ಹಳ್ಳಿ ಮುಟ್ಟುವುದು ಸುಲಭವಿರಲಿಲ್ಲ. ಬೆಲೆ, ಹಂಚಿಕೆ ಎರಡೂ ಸರ್ಕಾರದ ಕೈಯಲ್ಲಿದ್ದವು, ಪರ್ಮಿಟ್ ಬೇಕಿತ್ತು. ಸಿಮೆಂಟ್ ಎಷ್ಟು ದೊಡ್ಡ ವಸ್ತುವಾಗಿತ್ತೆಂದರೆ, ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ ಅದರ ಹಂಚಿಕೆಯ ಪ್ರಕರಣದಲ್ಲಿ ಹೈಕೋರ್ಟ್ ತೀರ್ಪು ಬಂದ ಮೇಲೆ 1982ರ ಜನವರಿಯಲ್ಲಿ ಕುರ್ಚಿ ಬಿಟ್ಟರು. ಅದೇ ವರ್ಷ ನಿಯಂತ್ರಣ ಭಾಗಶಃ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು.

ಆಮೇಲೆ ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಚೀಲ ಸಿಕ್ಕಿತು. ಹೊಸ ಮನೆ ಕಟ್ಟಲಾಗದವರು ಹಳೇ ಮಣ್ಣಿನ ಗೋಡೆಗೇ ಸಿಮೆಂಟ್ ಹೊದಿಸಿದರು. ಅದು ಮರ್ಯಾದೆಯ ಪ್ರಶ್ನೆಯೂ ಆಗಿತ್ತು, ತಪ್ಪೆನ್ನಲಾರೆ. ಆದರೆ ಮಣ್ಣಿನ ಗೋಡೆ ನೆಲದ ತೇವ ಹೀರುತ್ತದೆ, ಬಿಸಿಲಿಗೆ ಅದನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ಮಣ್ಣಿಗೂ ಸಿಮೆಂಟಿಗೂ ಸರಿಯಾಗಿ ಹಿಡಿತವೂ ಬರುವುದಿಲ್ಲ. ಬಿರುಕಿನಲ್ಲಿ ನುಗ್ಗಿದ ಮಳೆನೀರು ಒಳಗೇ ಉಳಿದು ಗೋಡೆಯ ಬುಡ ಕೆಸರಾಗುತ್ತದೆ. ಬರಿ ಮಣ್ಣಿನ ಗೋಡೆಯಾದರೆ ಸವೆದದ್ದು ಕಣ್ಣಿಗೆ ಕಾಣುತ್ತಿತ್ತು. ಇಲ್ಲಿ ಬೀಳುವ ದಿನದವರೆಗೂ ಬಣ್ಣ ಚೆನ್ನಾಗಿಯೇ ಇರಬಹುದು.

ನಿಮ್ಮ ಮನೆಯದೂ ಇಂಥ ಗೋಡೆಯಾದರೆ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಸಿಮೆಂಟ್ ಪದರ ಗೋಡೆ ಬಿಟ್ಟಿದೆ ಅಂತ ಅರ್ಥ. ಗೋಡೆ ಉಬ್ಬಿದ್ದರೆ, ವಾಲಿದ್ದರೆ ಅದು ಪ್ಲಾಸ್ಟರ್ ಕೆಲಸವಲ್ಲ. ಆ ಕಡೆ ಮಲಗುವುದನ್ನು ಬಿಟ್ಟು, ತೊಲೆಗೆ ಆಸರೆ ಕೊಡಿಸಿ, ತಿಳಿದವರನ್ನು ಕರೆಸಿ. ಗೋಡೆ ನೆಟ್ಟಗಿದ್ದರೆ ಮೊದಲು ನೀರು ಎಲ್ಲಿಂದ ಬರುತ್ತಿದೆ ಹುಡುಕಿ. ಒಡೆದ ಹೆಂಚು, ಕಟ್ಟಿಕೊಂಡ ಚರಂಡಿ ಇರಬಹುದು. ಎಷ್ಟೋ ಊರಲ್ಲಿ ಸಿ.ಸಿ. ರಸ್ತೆ ಹೊಸ್ತಿಲಿಗಿಂತ ಎತ್ತರವಾಗಿ, ಬೀದಿಯ ನೀರು ಗೋಡೆಗೇ ಬಡಿಯುತ್ತಿದೆ. ಇದನ್ನು ಗ್ರಾಮಸಭೆಯಲ್ಲಿ ಕೇಳಲೇಬೇಕು.

ಆಮೇಲೆ ಸಡಿಲವಾದ ಸಿಮೆಂಟನ್ನು ಮೆಲ್ಲಗೆ ಕೆತ್ತಿ, ಬೇಸಿಗೆಯಲ್ಲಿ ಗೋಡೆ ಒಣಗಲು ಬಿಟ್ಟು, ಮಣ್ಣಿನದೋ ಸುಣ್ಣದ್ದೋ ತೆಳು ಪದರ ಕೊಡಿಸಿ. ಅರಳುವಾಗ ಸುಣ್ಣ ಕೊತಕೊತ ಕುದಿದು ಸಿಡಿಯುತ್ತದೆ, ಮಕ್ಕಳನ್ನು ದೂರ ಇಡಿ.