ದೀಪ ಕುಗ್ಗಿದರೆ ಸೂರ್ಯನನ್ನು ದೂರಬೇಡಿ

ಮಾಡಿನ ಮೇಲೆ ಸೌರಫಲಕ ಹಾಕಿಸಿಕೊಂಡವರು ಈಗ ನಮ್ಮ ಬಂಧುಬಳಗದಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಅನೇಕರಿದ್ದಾರೆ. ಅವರ ದೂರು ಬಹುಮಟ್ಟಿಗೆ ಒಂದೇ: "ಮೇಷ್ಟ್ರೇ, ಕರೆಂಟು ಪೂರ್ತಿ ಹೋಗುವುದಿಲ್ಲ, ಆಗಾಗ ಕುಗ್ಗುತ್ತದೆ, ಮತ್ತೆ ತಾನಾಗಿಯೇ ಸರಿಹೋಗುತ್ತದೆ." ಪೂರ್ತಿ ಕೆಟ್ಟದ್ದನ್ನು ಪತ್ತೆಹಚ್ಚುವುದು ಸುಲಭ. ಬಂದುಹೋಗುವ ದೋಷವಾದರೋ, ರಿಪೇರಿಯವನು ಬಂದ ಹೊತ್ತಿಗೆ ಮಾಯವಾಗಿರುತ್ತದೆ. ಇಂಥ ದೋಷವನ್ನು ಎಲ್ಲಿ ಹುಡುಕಬೇಕೆಂಬುದನ್ನು ಸೌರವಿದ್ಯುತ್ತಿನ ಇತಿಹಾಸವೇ ಸೂಚಿಸುತ್ತದೆಂದು ನನಗನ್ನಿಸುತ್ತದೆ.

ಬೆಳಕಿನಿಂದ ವಿದ್ಯುತ್ತು ಹುಟ್ಟುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಲ್ಲಿ, ತಮ್ಮ 19ನೆಯ ವಯಸ್ಸಿನಲ್ಲಿ ಕಂಡರು. ಬಳಕೆಗೆ ಒದಗುವ ಸಿಲಿಕಾನ್ ಸೌರಕೋಶವನ್ನು ಜಗತ್ತಿನ ಮುಂದಿಟ್ಟವರು ಅಮೆರಿಕದ ಬೆಲ್ ಪ್ರಯೋಗಾಲಯದ ಚಾಪಿನ್, ಫುಲ್ಲರ್ ಮತ್ತು ಪಿಯರ್ಸನ್. ಅದು 1954ರ ಏಪ್ರಿಲ್. ಬಿದ್ದ ಬಿಸಿಲಿನ ನೂರು ಪಾಲಿನಲ್ಲಿ ಸುಮಾರು 6 ಪಾಲು ಮಾತ್ರ ವಿದ್ಯುತ್ತಾಗುತ್ತಿತ್ತು. ಚಾಪಿನ್ ಈ ಕೆಲಸಕ್ಕೆ ತೊಡಗಿದ ಕಾರಣ ಗಮನಾರ್ಹ: ಸೆಕೆ ಮತ್ತು ತೇವದ ದೂರಪ್ರದೇಶಗಳಲ್ಲಿ ದೂರವಾಣಿ ಯಂತ್ರಗಳ ಬ್ಯಾಟರಿಗಳು ಬೇಗನೆ ಹಾಳಾಗುತ್ತಿದ್ದವು.

1958ರಲ್ಲಿ ಹಾರಿದ ವ್ಯಾನ್‌ಗಾರ್ಡ್-1 ಉಪಗ್ರಹದಲ್ಲಿ ಎರಡು ಪ್ರಸಾರಕಗಳಿದ್ದವು. ಬ್ಯಾಟರಿಯನ್ನು ನಂಬಿದ್ದದ್ದು ಅದೇ ವರ್ಷ ಮೌನವಾಯಿತು. ಸೌರಕೋಶವನ್ನು ನಂಬಿದ್ದದ್ದು 1964ರವರೆಗೆ ಮಾತನಾಡಿತು. ಫಲಕ ಬಾಳುತ್ತದೆ, ಅದರ ಜೊತೆಗಾರರು ಸೋಲುತ್ತಾರೆ ಎಂಬ ಪಾಠ ಅಂದೇ ದೊರೆತಿತ್ತು.

ನಮ್ಮ ರಾಜ್ಯದಲ್ಲಿ ಹಳ್ಳಿಮನೆಗಳಿಗೆ ಸೌರದೀಪ ಒದಗಿಸುವ ಕಾರ್ಯಕ್ಕೆ 1995ರಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ ಹೆಸರುವಾಸಿ. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ಮಾರಿ ಕೈತೊಳೆದುಕೊಳ್ಳದೆ, ಬ್ಯಾಂಕಿನ ಸಾಲವನ್ನೂ ಊರ ಬಳಿಯಲ್ಲೇ ದುರಸ್ತಿಯ ಏರ್ಪಾಡನ್ನೂ ಒದಗಿಸಿದ್ದು ಅದರ ಹೆಚ್ಚುಗಾರಿಕೆ.

ಅಂಥ ದುರಸ್ತಿಯ ಆಸರೆಯಿಲ್ಲದ ಮನೆಗಳನ್ನು ಮಲೆನಾಡಿನಲ್ಲಿ ಪಾಠ ಹೇಳುತ್ತಿದ್ದಾಗ ಕಂಡಿದ್ದೇನೆ. ಒಂದು ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದ ಹುಡುಗಿಯ ದೀಪ ರಾತ್ರಿ ಎಂಟಕ್ಕೇ ಮಂಕಾಗುತ್ತಿತ್ತು. "ಬಿಸಿಲನ್ನು ನಂಬಿ ಕೆಟ್ಟೆವು" ಎಂದು ಹಿರಿಯರು ಮತ್ತೆ ಸೀಮೆಎಣ್ಣೆ ಬುಡ್ಡಿ ಹಚ್ಚಿದರು. ಆದದ್ದಿಷ್ಟೆ: ಬೆಳೆದ ಅಡಕೆಮರದ ಸೋಗೆಯ ನೆರಳು ಫಲಕದ ಒಂದು ಮೂಲೆಗೆ ಬೀಳುತ್ತಿತ್ತು, ಬ್ಯಾಟರಿಯ ನೀರು ಆರಿತ್ತು. ಫಲಕದ ಕೋಶಗಳು ಸರಪಳಿಯಂತೆ ಜೋಡಣೆಗೊಂಡಿರುವುದರಿಂದ ಒಂದಕ್ಕೆ ನೆರಳಾದರೂ ಇಡೀ ಸಾಲಿನ ಪ್ರವಾಹ ಕುಗ್ಗುತ್ತದೆ.

ಆದ್ದರಿಂದ ಮೊದಲು ಗಡಿಯಾರ ನೋಡಿ. ದಿನವೂ ಒಂದೇ ಹೊತ್ತಿಗೆ ಕುಗ್ಗಿದರೆ ನೆರಳನ್ನು ಸಂಶಯಿಸಿ. ಕತ್ತಲಾದ ಸ್ವಲ್ಪ ಹೊತ್ತಿಗೇ ಕುಗ್ಗಿದರೆ ಬ್ಯಾಟರಿಯನ್ನು. ವಿಶ್ರಾಂತಿಯಲ್ಲಿರುವ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ಪೂರ್ಣ ತುಂಬಿದ್ದರೆ ಸುಮಾರು 12.6 ವೋಲ್ಟ್ ತೋರಬೇಕು. ಬಿಸಿಲೇರಿದಂತೆ ಬಂದುಹೋಗುತ್ತಿದ್ದರೆ ಸಡಿಲವಾದ ಅಥವಾ ತುಕ್ಕುಹಿಡಿದ ಜೋಡಣೆಯಿರಬಹುದು. ಬಿಸಿಗೆ ಹಿಗ್ಗಿದಾಗ ಸಂಪರ್ಕ ಕೆಡುತ್ತದೆ.

2024ರಲ್ಲಿ ಕೇಂದ್ರದ ಸೂರ್ಯಘರ್ ಯೋಜನೆ ಬಂದ ಮೇಲೆ, ಬೀದಿಯ ತಂತಿಗೇ ಜೋಡಿಸುವ ವ್ಯವಸ್ಥೆ ಅನೇಕರ ಮನೆಗೆ ಬಂದಿದೆ. ಇಲ್ಲಿ ಬೇರೊಂದು ಸಂಗತಿಯಿದೆ. ಬೀದಿಯ ಕರೆಂಟು ಹೋದರೆ ಇನ್ವರ್ಟರ್ ಬೇಕೆಂದೇ ನಿಲ್ಲುತ್ತದೆ. ಕಂಬವೇರಿದ ಲೈನ್‌ಮನ್‌ನ ಪ್ರಾಣ ಕಾಯಲು ಮಾಡಿದ ಏರ್ಪಾಡು ಅದು. ಮಧ್ಯಾಹ್ನ ತಂತಿಯ ವೋಲ್ಟೇಜು ಮಿತಿ ಮೀರಿದಾಗಲೂ ಅದು ಕಳಚಿಕೊಂಡು, ಇಳಿದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಇದು ಫಲಕದ ದೋಷವಲ್ಲ. ವಿದ್ಯುತ್ ಕಛೇರಿಗೆ ಬರೆಯಬೇಕಾದ ವಿಷಯ.

ಒಂದು ಎಚ್ಚರಿಕೆ: ಸ್ವಿಚ್ ಆರಿಸಿದರೂ ಹಗಲಿನಲ್ಲಿ ಫಲಕದ ತಂತಿಗಳಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಜೋಡಣೆಗಳನ್ನು ನೀವೇ ಕಳಚಲು ಹೋಗಬೇಡಿ, ಬಲ್ಲವರನ್ನು ಕರೆಯಿರಿ.

ಅವರು ಬರುವ ಮುನ್ನ ನೀವು ಮಾಡಬಹುದಾದ ಕೆಲಸವೊಂದಿದೆ. ಒಂದು ವಾರ, ಕುಗ್ಗಿದ ಹೊತ್ತು, ಅಂದಿನ ಬಿಸಿಲು, ಆಗ ನಡೆಯುತ್ತಿದ್ದ ಯಂತ್ರ, ಇನ್ವರ್ಟರ್ ತೋರಿಸಿದ ಸೂಚನೆ ಇವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಾರೀಖು ಬರೆಯಲು ಮರೆಯಬೇಡಿ. ತರಗತಿಯಲ್ಲಿ ನಿಮಗೆ ಸಾಕೆನಿಸುವಷ್ಟು ಹೇಳಿದ ಮಾತೇ ಇದು.