ಹೆಂಡತಿಯ ಗಳಿಕೆ: ಅಳಿಯಸಂತಾನದಿಂದ ಬೀಡಿಯವರೆಗೆ

ಗಂಡನಿಗಿಂತ ಹೆಂಡತಿಯ ಗಳಿಕೆ ಹೆಚ್ಚಾದಾಗ ದಾಂಪತ್ಯದ ಸ್ವರೂಪವೇನು? ನೆಲ್ಯಾಡಿ ಪರಿಸರದಲ್ಲಿ ಈ ಪ್ರಶ್ನೆಯೆತ್ತಿದರೆ ಅಳಿಯಸಂತಾನವನ್ನು ಉತ್ತರವಾಗಿ ಕೊಡುವುದು ವಾಡಿಕೆ. ಬಂಟ, ಬಿಲ್ಲವ ಮೊದಲಾದವರಲ್ಲಿ ವಂಶವೂ ಆಸ್ತಿಯೂ ಹೆಣ್ಣಿನ ಮೂಲಕ ಇಳಿಯುತ್ತಿದ್ದುವು. ಅವಳ ಅನ್ನ ಗಂಡನ ಕೃಪೆಯನ್ನು ಅವಲಂಬಿಸಿರಲಿಲ್ಲ. ಆದರೆ ಅದು ಕುಟುಂಬದ ಹಕ್ಕೇ ಹೊರತು ಅವಳ ಸಂಪಾದನೆಯಲ್ಲ. ಯಜಮಾನ್ತಿಯರೂ ಇದ್ದರು, ನಿಜ. ಆದರೂ ಆಡಳಿತ ಬಹುಮಟ್ಟಿಗೆ ಸೋದರಮಾವನದು. 1949ರ ಮದರಾಸು ಕಾಯಿದೆ ಆ ಕುಟುಂಬಗಳ ಆಸ್ತಿವಿಭಾಗಕ್ಕೆ ದಾರಿ ತೆರೆಯಿತು.

ಅವಳ ಸ್ವಂತ ಕೂಲಿಯ ಚರಿತ್ರೆ ಬೇರೆ, ಅದು ಬೀಡಿಯದು. ಎಲೆ, ಹೊಗೆಸೊಪ್ಪು, ನೂಲುಗಳನ್ನು ಮನೆಗೆ ತಂದು, ಕಟ್ಟಿ, ಸಾವಿರದ ಲೆಕ್ಕದಲ್ಲಿ ಮಜೂರಿ ಪಡೆಯುವ ದುಡಿಮೆಯಿದು. ಗಂಡನ ತೋಟಗೂಲಿ ಮಳೆಗಾಲದಲ್ಲಿ ನಿಂತೀತು. ಸೂರಿನಡಿಯ ಈ ಕೆಲಸ ಅಷ್ಟು ಸುಲಭವಾಗಿ ನಿಲ್ಲದು. ಅಂಥ ವಾರಗಳಲ್ಲಿ ಅವಳದೇ ಹೆಚ್ಚಿನ ಆದಾಯ. ಅದನ್ನು ‘ಬಿಡುವಿನ ಕೆಲಸ’ವೆಂದು ಕರೆಯುವುದರಲ್ಲಿ ಗಂಡನ ಮಾನರಕ್ಷಣೆಯೂ ಅಡಗಿದೆಯೆಂದು ನಮ್ಮ ಅಭಿಪ್ರಾಯ. ಕಾನೂನು ಹಾಗೆ ಕರೆಯಲಿಲ್ಲ. 1966ರ ಬೀಡಿ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕಟ್ಟುವವಳನ್ನೂ ಕಾರ್ಮಿಕಳೆಂದೇ ಎಣಿಸಿತು. ಮಾಲಿಕರು ಪ್ರಶ್ನಿಸಿದಾಗ ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ಅದನ್ನು ಎತ್ತಿಹಿಡಿಯಿತು. 1977ರಲ್ಲಿ ಭವಿಷ್ಯನಿಧಿಯೂ ಈ ಕೈಗಾರಿಕೆಗೆ ವಿಸ್ತರಿಸಿತು. ಆ ಖಾತೆಯಲ್ಲಿ ದುಡಿಯುವವಳು ಹೆಂಡತಿ. ಗಂಡನ ಹೆಸರು ಅವಳು ಬರೆಸಿದ ವಾರಸುದಾರನ ಸಾಲಿನಲ್ಲಿ ಬರಬಹುದು.